ಟ್ರಾಲಿಯ ಜಾಡು ಹಿಡಿಯುವ ಸ್ಕ್ರೀನ್: ಸಚಿವರಿಗೆ ಮತ್ತು ಸೂಪರ್‌ಮಾರ್ಕೆಟ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆ,
ಕರ್ನಾಟಕ ಸರ್ಕಾರ
ಹಾಗೂ ರಾಜ್ಯದ ಎಲ್ಲ ಸೂಪರ್‌ಮಾರ್ಕೆಟ್ ಮಾಲೀಕರು

ವಿಷಯ: ಅಂಗಡಿಯ ಟ್ರಾಲಿಗಳಿಗೆ ಟ್ಯಾಗ್ ಅಂಟಿಸಿ, ಅವು ಓಡಾಡಿದ ಜಾಡು ನೋಡಿ ಜಾಹೀರಾತು ತೋರಿಸುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮೈಸೂರಿನವಳು. ಒಂದು ಕಾಲೇಜಿನ ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಅಪ್ಪನಿಗೆ ಈಗ 84 ವರ್ಷ. ಸ್ಕೂಲ್ ಮೇಷ್ಟ್ರಾಗಿದ್ದವರು. ಒಂದು ಕಾಲದಲ್ಲಿ ಎರಡು ಚೀಲ ಹಿಡಿದು ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿ, ತರಕಾರಿ, ವೀಳ್ಯದೆಲೆ, ಬಾಳೆಹಣ್ಣು ಎಲ್ಲ ತಾವೇ ಆರಿಸಿ ತರುತ್ತಿದ್ದರು. ಈಗ ಅಷ್ಟು ದೂರ ಆಗುವುದಿಲ್ಲ. ಕೋಲು ಹಿಡಿಯಲು ಅವರಿಗೆ ಇಷ್ಟವಿಲ್ಲ. ಹಾಗಾಗಿ ವಾರಕ್ಕೊಮ್ಮೆ ನನ್ನ ಜೊತೆ ಸೂಪರ್‌ಮಾರ್ಕೆಟ್‌ಗೆ ಬರುವುದೆಂದರೆ ಅವರಿಗೆ ತುಂಬಾ ಖುಷಿ. ಅಲ್ಲಿ ಟ್ರಾಲಿ ಸಿಗುತ್ತದೆ. ಅದರ ಹಿಡಿ ಹಿಡಿದುಕೊಂಡರೆ ಕೋಲಿಲ್ಲದೆ, ಯಾರ ಕೈಯನ್ನೂ ಹಿಡಿಯದೆ, ನೆಟ್ಟಗೆ ನಡೆಯಬಹುದು. ನೋಡಿದವರಿಗೆ ಅವರು ಸಾಮಾನು ಕೊಳ್ಳುತ್ತಿರುವ ಒಬ್ಬ ಮನುಷ್ಯ, ಅಷ್ಟೇ. ಮುದುಕರು ಆಸರೆ ಹುಡುಕುತ್ತಿದ್ದಾರೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಆ ಖುಷಿ ಹೋಗಿ ಎರಡು ತಿಂಗಳಾಯಿತು. ಯಾಕೆ ಹೋಯಿತು ಅಂತ ಹೇಳುವುದಕ್ಕೇ ಈ ಪತ್ರ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಅಂಗಡಿಯನ್ನು ಬೈದು ಸುಮ್ಮನಾಗುವ ವಿಷಯ ಇದಲ್ಲ.

ಅಪ್ಪನಿಗೆ ಹೋದ ವರ್ಷ ಪ್ರಾಸ್ಟೇಟ್ ಆಪರೇಷನ್ ಆಯಿತು. ಆಮೇಲೆ ಮೂತ್ರದ ಮೇಲೆ ಹಿಡಿತ ಸ್ವಲ್ಪ ಕಮ್ಮಿಯಾಗಿದೆ. ಹೊರಗೆ ಹೋಗುವಾಗ ದೊಡ್ಡವರ ಡೈಪರ್ ಹಾಕಿಕೊಳ್ಳುತ್ತಾರೆ. ಇದು ಗೊತ್ತಿದ್ದದ್ದು ನನಗೆ, ನನ್ನ ತಮ್ಮನಿಗೆ, ಡಾಕ್ಟರಿಗೆ. ಇಲ್ಲಿ ಬರೆಯಬಹುದಾ ಅಂತ ಅಪ್ಪನನ್ನೇ ಕೇಳಿದೆ. ಒಂದು ದಿನವೆಲ್ಲ ಯೋಚಿಸಿ, "ಹೆಸರು ಹಾಕಬೇಡ, ಉಳಿದದ್ದು ಬರಿ" ಅಂದರು.

ಆ ದಿನ ಡೈಪರ್ ಇಟ್ಟಿದ್ದ ಸಾಲಿನಲ್ಲಿ ನಾವು ನಾಲ್ಕೈದು ನಿಮಿಷ ನಿಂತೆವು. ಯಾವ ಸೈಜು, ಎಷ್ಟು ಪೀಸು ಅಂತ ನಾನು ಪ್ಯಾಕೆಟ್ ಓದುತ್ತಿದ್ದೆ. ಅಪ್ಪ ಟ್ರಾಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಕೊನೆಗೆ ಬೆಲೆ ಜಾಸ್ತಿ ಅನಿಸಿ, ಮೆಡಿಕಲ್ ಶಾಪಿನಲ್ಲೇ ತಗೊಂಡರಾಯಿತು ಅಂತ ಏನೂ ತೆಗೆದುಕೊಳ್ಳದೆ ಮುಂದೆ ಹೋದೆವು. ಅಂದರೆ ನಮ್ಮ ಟ್ರಾಲಿಯೊಳಗೆ ಆ ಪ್ಯಾಕೆಟ್ ಇರಲೇ ಇಲ್ಲ. ತೊಗರಿಬೇಳೆ, ಅಕ್ಕಿ ಹಿಟ್ಟು ಹಾಕಿಕೊಂಡು ಎಣ್ಣೆಯ ಸಾಲಿಗೆ ಬಂದೆವು. ಆ ಸಾಲಿನ ತುದಿಯಲ್ಲಿ ಆಳೆತ್ತರದ ಸ್ಕ್ರೀನ್ ಇದೆ. ಯಾವುದೋ ಎಣ್ಣೆಯ ಜಾಹೀರಾತು ಓಡುತ್ತಿತ್ತು. ನಮ್ಮ ಟ್ರಾಲಿ ಹತ್ತಿರ ಹೋಗುತ್ತಿದ್ದ ಹಾಗೆ ಅದು ನಿಂತು, ನರೆತ ಕೂದಲಿನ ಒಬ್ಬರ ಚಿತ್ರ ಬಂತು. ಕೆಳಗೆ ಡೈಪರ್ ಪ್ಯಾಕೆಟ್. ಇವತ್ತು ಕೊಂಡರೆ ಇಷ್ಟು ರಿಯಾಯಿತಿ ಅಂತ ದೊಡ್ಡ ಅಕ್ಷರ.

ಅದೇ ಹೊತ್ತಿಗೆ ಅಪ್ಪನ ಹಳೇ ಶಿಷ್ಯರೊಬ್ಬರು ಎದುರಾದರು. "ಮೇಷ್ಟ್ರೇ, ಚೆನ್ನಾಗಿದ್ದೀರಾ?" ಅಂತ ಕಾಲಿಗೆ ನಮಸ್ಕಾರ ಮಾಡಿದರು. ಎದ್ದು ನಿಂತವರ ಕಣ್ಣು ಸ್ಕ್ರೀನ್ ಕಡೆ ಹೋಯಿತು, ಆಮೇಲೆ ಅಪ್ಪನ ಕಡೆ ಬಂತು. ಅವರು ಏನನ್ನೂ ಅಂದುಕೊಂಡಿರಲಿಕ್ಕಿಲ್ಲ. ಆದರೆ ಅಪ್ಪನ ಮುಖ ಇಳಿದುಹೋಯಿತು. ಮುಂದೆ ಬಿಸ್ಕೆಟ್ ಸಾಲಿನ ತುದಿಯಲ್ಲೂ ಅದೇ ಚಿತ್ರ ಬಂದಾಗ ಟ್ರಾಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು: "ಏನಮ್ಮಾ, ಇದು ನಮ್ಮನ್ನ ನೋಡೇ ಬರ್ತಿರೋದಾ?"

ಆ ಕ್ಷಣಕ್ಕೆ ಇಲ್ಲಪ್ಪ, ಎಲ್ಲರಿಗೂ ಬರುತ್ತೆ ಅಂದೆ. ಆದರೆ ನನಗೇ ನಂಬಿಕೆ ಇರಲಿಲ್ಲ. ಟ್ರಾಲಿಯ ಹಿಡಿ ಬಗ್ಗಿ ನೋಡಿದೆ. ಪ್ಲಾಸ್ಟಿಕ್ ಕವಚದ ಕೆಳಗೆ ಬೆರಳುದ್ದದ ಒಂದು ಪಟ್ಟಿ, ಅದರ ಮೇಲೊಂದು ನಂಬರು. ತಲೆ ಎತ್ತಿ ನೋಡಿದರೆ ಸ್ಕ್ರೀನ್ ಮೇಲೆ ಬಿಳಿ ಬಣ್ಣದ ಚಪ್ಪಟೆ ಡಬ್ಬಿ. ಎರಡೂ ನನಗೆ ಹೊಸದಲ್ಲ. ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ಇದೇ ಜಾತಿಯ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನು ನನ್ನ ಕೈಯಾರೆ ಸಾವಿರಗಟ್ಟಲೆ ಅಂಟಿಸಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಈ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಒಂದು ಚಿಕ್ಕ ಚಿಪ್ಪು, ಅದರ ಸುತ್ತ ತೆಳ್ಳನೆಯ ಲೋಹದ ಗೆರೆ, ಅಷ್ಟೇ. ರೀಡರ್ ಅನ್ನುವ ಯಂತ್ರ ರೇಡಿಯೋ ತರಂಗ ಕಳಿಸುತ್ತದೆ. ಆ ತರಂಗದಿಂದಲೇ ಚಿಪ್ಪಿಗೆ ಬೇಕಾದಷ್ಟು ಶಕ್ತಿ ಸಿಗುತ್ತದೆ. ಎಚ್ಚರವಾದ ಚಿಪ್ಪು ತನ್ನ ನಂಬರನ್ನು ವಾಪಸ್ ಹೇಳುತ್ತದೆ. ಗ್ರಂಥಾಲಯದ ಟ್ಯಾಗ್ ಹೆಚ್ಚಾಗಿ 13.56 ಮೆಗಾಹರ್ಟ್ಸ್‌ನದು, ತೀರಾ ಹತ್ತಿರ ತಂದರೆ ಮಾತ್ರ ಓದುತ್ತದೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ 865 ಮೆಗಾಹರ್ಟ್ಸ್ ಆಸುಪಾಸಿನದು, ಅದನ್ನು ಕೆಲವು ಮೀಟರ್ ದೂರದಿಂದಲೇ ಓದಬಹುದು. ಟ್ರಾಲಿಗೆ ಬೇಕಾಗುವುದು ಈ ಎರಡನೇ ಥರದ್ದು. ನಮ್ಮ ದೇಶದಲ್ಲಿ ಆ ತರಂಗಗಳನ್ನು ಒಂದು ಮಿತಿಯೊಳಗೆ ಬಳಸಲು ಲೈಸೆನ್ಸ್ ಬೇಕಾಗಿಲ್ಲ. ಹಾಗಾಗಿ ಯಾವ ಅಂಗಡಿಯವರು ಬೇಕಾದರೂ ಯಾರಿಗೂ ಹೇಳದೆ ರೀಡರ್ ಹಾಕಿಕೊಳ್ಳಬಹುದು.

ಸುಮ್ನೆ ಅನುಮಾನದ ಮೇಲೆ ದೂರು ಕೊಡಬಾರದು ಅಂತ ಮುಂದಿನ ಮಂಗಳವಾರ ಬೆಳಿಗ್ಗೆ, ಜನ ಇಲ್ಲದ ಹೊತ್ತಿನಲ್ಲಿ, ಒಬ್ಬಳೇ ಹೋದೆ. ಖಾಲಿ ಟ್ರಾಲಿ ತೆಗೆದುಕೊಂಡು ಮಕ್ಕಳ ಆಹಾರದ ಸಾಲಿನಲ್ಲಿ ಐದು ನಿಮಿಷ ನಿಂತೆ. ಏನೂ ತೆಗೆದುಕೊಳ್ಳಲಿಲ್ಲ. ನಂತರ ಸ್ಕ್ರೀನ್ ಮುಂದೆ ಹೋದರೆ ಮಕ್ಕಳ ಆಹಾರದ ಜಾಹೀರಾತು. ಆ ಟ್ರಾಲಿ ದೂರ ನಿಲ್ಲಿಸಿ ಬರಿಗೈಲಿ ಅದೇ ಸ್ಕ್ರೀನ್ ಮುಂದೆ ಹೋದೆ. ಎಣ್ಣೆ, ಸೋಪು, ಮಾಮೂಲಿ ಜಾಹೀರಾತು. ಇನ್ನೊಂದು ಟ್ರಾಲಿ ತೆಗೆದುಕೊಂಡು ಬೆಕ್ಕಿನ ಆಹಾರದ ಹತ್ತಿರ ನಿಂತು ಬಂದೆ. ಬೆಕ್ಕು ಬಂತು. ಮೂರನೇ ಟ್ರಾಲಿಯನ್ನು ಅಪ್ಪ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದೆ. ನರೆಗೂದಲಿನ ಅದೇ ಚಿತ್ರ ಬಂತು. ಮೂರು ಸಲ ನೋಡಿದ್ದನ್ನು ದೊಡ್ಡ ಸಂಶೋಧನೆ ಅಂತ ನಾನು ಹೇಳುವುದಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವರನ್ನು ನೋಡಿಯೇ ಬಂದಿತ್ತು.

ಮ್ಯಾನೇಜರ್ ಹುಡುಗನನ್ನು ಕೇಳಿದೆ. "ಟ್ರಾಲಿ ಕಳ್ಳತನ ಆಗದಿರಲಿ ಅಂತ ಮೇಡಂ" ಅಂದ. ಸ್ಕ್ರೀನ್ ಯಾಕೆ ಬದಲಾಗುತ್ತೆ ಅಂದಾಗ, "ಅದು ಹೆಡ್ ಆಫೀಸಿನವರು ಹಾಕಿಸಿರೋದು, ನಮಗೇನೂ ಗೊತ್ತಾಗಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಿಜವಾಗಿಯೂ ಯಾರೂ ಹೇಳಿರಲಿಕ್ಕಿಲ್ಲ. ಹೆಡ್ ಆಫೀಸಿಗೆ ಮೇಲ್ ಮಾಡಿದೆ. ಹನ್ನೊಂದು ದಿನ ಆದಮೇಲೆ ಮೂರು ಸಾಲಿನ ಉತ್ತರ ಬಂತು. ಟ್ರಾಲಿಯ ಟ್ಯಾಗ್‌ನಲ್ಲಿ ಗ್ರಾಹಕರ ಯಾವ ವೈಯಕ್ತಿಕ ಮಾಹಿತಿಯೂ ಇರುವುದಿಲ್ಲ, ಇದು ಗ್ರಾಹಕರಿಗೆ ಒಳ್ಳೆಯ ಅನುಭವ ಕೊಡುವುದಕ್ಕಾಗಿ ಮಾಡಿರುವ ವ್ಯವಸ್ಥೆ ಅಂತ.

ಮಾನ್ಯರೇ, ಈ ಉತ್ತರದ ಬಗ್ಗೆಯೇ ನಾನು ಜಾಸ್ತಿ ಮಾತಾಡಬೇಕು. ಟ್ಯಾಗ್‌ನಲ್ಲಿ ಬರೀ ನಂಬರ್ ಇರುತ್ತದೆ ಅನ್ನುವುದು ನಿಜ. ನಮ್ಮ ಪುಸ್ತಕದ ಟ್ಯಾಗ್‌ನಲ್ಲೂ ಬರೀ ನಂಬರೇ ಇತ್ತು. ಆದರೆ ಆ ನಂಬರನ್ನು ಯಾವುದರ ಪಕ್ಕ ಇಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ.

ಕಂಪ್ಯೂಟರ್ ಬರುವ ಮೊದಲು ನಮ್ಮಲ್ಲಿ ಬ್ರೌನ್ ಪದ್ಧತಿ ಇತ್ತು. ಹಳೇ ಗ್ರಂಥಾಲಯ ಕಂಡವರಿಗೆಲ್ಲ ನೆನಪಿರುತ್ತದೆ. ಓದುಗರ ಹೆಸರಿನಲ್ಲಿ ಜೇಬಿನ ಥರದ ಪುಟ್ಟ ಟಿಕೆಟ್. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು. ಪುಸ್ತಕ ಕೊಡುವಾಗ ಆ ಕಾರ್ಡನ್ನು ಓದುಗರ ಟಿಕೆಟ್ಟಿನೊಳಗೆ ಸಿಕ್ಕಿಸಿ ತಾರೀಖಿನ ಪ್ರಕಾರ ಟ್ರೇಯಲ್ಲಿ ಇಡುತ್ತಿದ್ದೆವು. ಪುಸ್ತಕ ವಾಪಸ್ ಬಂದಾಗ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗರ ಕೈಗೆ. ಆಮೇಲೆ ಯಾರು ಆ ಪುಸ್ತಕ ಓದಿದ್ದರು ಅಂತ ನಾವೇ ಹುಡುಕಿದರೂ ಸಿಗುತ್ತಿರಲಿಲ್ಲ. ಪುಸ್ತಕ ಎಲ್ಲಿದೆ ಅಂತ ನಮಗೆ ಗೊತ್ತಿರಬೇಕಿತ್ತು, ಗೊತ್ತಿರುತ್ತಿತ್ತು. ಕೆಲಸ ಮುಗಿದ ಮೇಲೆ ಜೋಡಿ ಬಿಡಿಸಿಹೋಗುತ್ತಿತ್ತು.

ಒಮ್ಮೆ ಒಬ್ಬ ವಿದ್ಯಾರ್ಥಿನಿಯ ತಂದೆ ಬಂದು, ನನ್ನ ಮಗಳು ಏನೇನು ಓದುತ್ತಿದ್ದಾಳೆ, ಪಟ್ಟಿ ಕೊಡಿ ಅಂತ ಜಗಳ ಮಾಡಿದರು. ಆ ಹುಡುಗಿ ಮನಸ್ಸಿನ ಕಾಯಿಲೆಗಳ ಬಗ್ಗೆ ಪುಸ್ತಕ ಒಯ್ಯುತ್ತಿದ್ದಳು. ನಾನು ಕೊಡಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಈ ವಿಷಯದಲ್ಲಿ ನಾವು ಇನ್ನೂ ಹುಷಾರಾಗಿರಬೇಕಾಯಿತು, ಯಾಕೆಂದರೆ ಕಂಪ್ಯೂಟರ್ ತಾನಾಗಿ ಮರೆಯುವುದಿಲ್ಲ, ಮರೆಯಲು ನಾವೇ ಹೇಳಬೇಕು. ಇವತ್ತು ಬಹಳ ಗ್ರಂಥಾಲಯಗಳಲ್ಲಿರುವ ಕೊಹಾ ತಂತ್ರಾಂಶದಲ್ಲಿ, ವಾಪಸ್ ಬಂದ ಪುಸ್ತಕದ ದಾಖಲೆಯಿಂದ ಓದುಗರ ಹೆಸರು ಬಿಡಿಸಿಬಿಡುವ ಅವಕಾಶವನ್ನು ಕೊಟ್ಟೇ ಇದ್ದಾರೆ.

ಈಗ ಅಂಗಡಿಗೆ ಬನ್ನಿ. ಟ್ರಾಲಿ ನಂಬರ್ 47 ಅಂತ ಇಟ್ಟುಕೊಳ್ಳೋಣ. ಅದು ಯಾವ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಒಂದು ಪಟ್ಟಿ. ಅದೇ ಟ್ರಾಲಿ ಸಂಜೆ 6 ಗಂಟೆ 12 ನಿಮಿಷಕ್ಕೆ ಮೂರನೇ ಬಿಲ್ಲಿಂಗ್ ಕೌಂಟರಿಗೆ ಬಂತು. ಅದೇ ನಿಮಿಷ, ಅದೇ ಕೌಂಟರಿನಲ್ಲಿ ಹುಡುಗಿ "ಮೊಬೈಲ್ ನಂಬರ್ ಹೇಳಿ ಮೇಡಂ" ಅಂದಳು, ನಾನು ಹೇಳಿದೆ. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಟ್ರಾಲಿಯ ಜಾಡು ನನ್ನ ಜಾಡಾಗುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಆ ಅಂಗಡಿಯವರು ಹೀಗೆ ಇಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಇಡದಂತೆ ತಡೆಯುವುದು ಏನಿದೆ ಅಂತ ಕೇಳುತ್ತಿದ್ದೇನೆ. ಈ ಪ್ರಶ್ನೆಯನ್ನು ಮೇಲ್‌ನಲ್ಲೂ ಕೇಳಿದ್ದೆ. ಅದಕ್ಕೆ ಉತ್ತರ ಬರಲಿಲ್ಲ.

ಬಿಲ್ಲಿನಲ್ಲಿ ನಾನು ಕೊಂಡದ್ದು ಮಾತ್ರ ಇರುತ್ತದೆ. ಜಾಡಿನಲ್ಲಿ ಕೊಳ್ಳದೆ ಬಿಟ್ಟದ್ದೂ ಇರುತ್ತದೆ. ನೋಡಿ ಬೇಡ ಅಂದದ್ದು, ದುಡ್ಡು ಸಾಲದೆ ವಾಪಸ್ ಇಟ್ಟದ್ದು, ಕೈಗೆತ್ತಿಕೊಳ್ಳಲು ನಾಚಿ ಎರಡು ಸಲ ಹಾದುಹೋದದ್ದು. ಇದು ನಮ್ಮ ಮನಸ್ಸಿನ ಓಡಾಟ. ಅದನ್ನು ಬರೆದಿಟ್ಟುಕೊಳ್ಳುವುದು ಬಿಲ್ಲು ಬರೆದಂತಲ್ಲ.

ಟ್ರಾಲಿಯಿಂದ ವ್ಯಾಪಾರ ಹೆಚ್ಚಿಸುವುದಾಗಲಿ, ಅದರ ಜಾಡು ನೋಡುವುದಾಗಲಿ ಹೊಸ ವಿಚಾರವೇನಲ್ಲ. 1937ರಲ್ಲಿ ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಅನ್ನುವ ವ್ಯಾಪಾರಿ ಮೊದಲ ಟ್ರಾಲಿಗಳನ್ನು ತಂದದ್ದೇ, ಕೈಬುಟ್ಟಿ ಭಾರವಾಯಿತು ಅಂತ ಜನ ಕೊಳ್ಳುವುದನ್ನು ನಿಲ್ಲಿಸಬಾರದು ಅಂತ. 2005ರಲ್ಲಿ ಅಲ್ಲಿನ ವಾರ್ಟನ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಟ್ರಾಲಿಗಳ ಕೆಳಗೆ ಟ್ಯಾಗ್ ಅಂಟಿಸಿ, ಐದೈದು ಸೆಕೆಂಡಿಗೆ ಸಿಗ್ನಲ್ ಹಿಡಿದು ಜನ ಹೇಗೆ ಓಡಾಡುತ್ತಾರೆ ಅಂತ ಬರೆದರು. ಜನ ಎಲ್ಲ ಸಾಲುಗಳಲ್ಲೂ ಮೇಲಿಂದ ಕೆಳಗೆ ಸುತ್ತುವುದಿಲ್ಲ, ಅಂಗಡಿಯ ಅಂಚಿನಲ್ಲೇ ಹೆಚ್ಚು ನಡೆಯುತ್ತಾರೆ, ಬೇಕಾದ ಸಾಲಿಗೆ ಸ್ವಲ್ಪ ನುಗ್ಗಿ ವಾಪಸ್ ಬರುತ್ತಾರೆ ಅಂತ ಗೊತ್ತಾಯಿತು. ಇಂಥ ತಿಳಿವಳಿಕೆಗೆ ನನ್ನ ವಿರೋಧ ಇಲ್ಲ. ಅಲ್ಲಿ ಬೇಕಾಗಿದ್ದದ್ದು ನೂರಾರು ಟ್ರಾಲಿಗಳ ಒಟ್ಟು ಓಡಾಟ. ಒಬ್ಬ ಮುದುಕರು ಎಲ್ಲಿ ನಿಂತರು ಅಂತ ಮುಂದಿನ ತಿರುವಿನಲ್ಲಿ ಡಂಗುರ ಹೊಡೆಯುವುದು ಅಲ್ಲಿ ಇರಲಿಲ್ಲ. 2008ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಮೀಡಿಯಾಕಾರ್ಟ್ ಕಂಪನಿಗಳು ಟ್ರಾಲಿಗೇ ಸ್ಕ್ರೀನ್ ಕೂರಿಸಿ, ಟ್ರಾಲಿ ಇರುವ ಜಾಗ ನೋಡಿ ಜಾಹೀರಾತು ತೋರಿಸುವ ಯೋಜನೆ ಪ್ರಕಟಿಸಿದವು. ಅಲ್ಲಿಂದ ನಮ್ಮೂರಿನ ಎಣ್ಣೆ ಸಾಲಿನವರೆಗಿನ ದಾರಿ ಬಹಳ ಉದ್ದವೇನಲ್ಲ.

ಆದರೆ ಆ ದಾರಿಯಲ್ಲಿ ಜನ ಎದ್ದು ಕೇಳಿದ್ದೂ ಇದೆ. ಜರ್ಮನಿಯ ರೈನ್‌ಬೆರ್ಗ್ ಊರಿನಲ್ಲಿ 2003ರಲ್ಲಿ ಮೆಟ್ರೋ ಅನ್ನುವ ಸೂಪರ್‌ಮಾರ್ಕೆಟ್ ಕಂಪನಿ ಭವಿಷ್ಯದ ಅಂಗಡಿ ಅಂತ ಒಂದನ್ನು ತೆರೆಯಿತು. ಮರುವರ್ಷ, ಅಲ್ಲಿನ ಗ್ರಾಹಕರಿಗೆ ಕೊಟ್ಟಿದ್ದ ರಿಯಾಯಿತಿ ಕಾರ್ಡಿನೊಳಗೇ ಹೇಳದೆ ಟ್ಯಾಗ್ ಇಟ್ಟಿದ್ದಾರೆ ಅಂತ ಕೆಲವು ಕಾರ್ಯಕರ್ತರು ಪತ್ತೆ ಮಾಡಿದರು. 2004ರ ಫೆಬ್ರುವರಿ ಕೊನೆಯಲ್ಲಿ ಜನ ಆ ಅಂಗಡಿಯ ಮುಂದೆ ಪ್ರತಿಭಟನೆಗೆ ನಿಂತರು. ಕಂಪನಿ ಆ ಕಾರ್ಡುಗಳನ್ನು ವಾಪಸ್ ಪಡೆಯಿತು. 2009ರ ಮೇ ತಿಂಗಳಲ್ಲಿ ಯುರೋಪಿಯನ್ ಕಮಿಷನ್, ಇಂಥ ಟ್ಯಾಗ್ ಬಳಸುವ ಅಂಗಡಿಯವರು ಅದನ್ನು ಗುರುತಿನ ಚಿಹ್ನೆ ಹಾಕಿ ತಿಳಿಸಬೇಕು ಅಂತ ತನ್ನ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿತು. ಕೆನಡಾದಲ್ಲಿ ನಡೆದದ್ದು ಟ್ಯಾಗ್ ವಿಷಯವಲ್ಲ, ಆದರೆ ಸ್ಕ್ರೀನ್ ವಿಷಯ. ಅಲ್ಲಿನ 12 ಮಾಲ್‌ಗಳಲ್ಲಿ ದಾರಿ ತೋರಿಸುವ ಸ್ಕ್ರೀನ್‌ಗಳೊಳಗೆ ಕ್ಯಾಮೆರಾ ಇಟ್ಟು ಜನರ ವಯಸ್ಸು, ಲಿಂಗ ಅಂದಾಜು ಮಾಡುತ್ತಿದ್ದರು. ಬಾಗಿಲಲ್ಲಿ ಸ್ಟಿಕ್ಕರ್ ಅಂಟಿಸಿದ್ದೇವಲ್ಲ ಅಂತ ಮಾಲೀಕರು ಹೇಳಿದರು. ಅಷ್ಟು ಸಾಲದು ಅಂತ 2020ರ ಅಕ್ಟೋಬರ್‌ನಲ್ಲಿ ಆ ದೇಶದ ಖಾಸಗಿತನದ ಆಯುಕ್ತರು ಸ್ಪಷ್ಟವಾಗಿ ಹೇಳಿದರು. ಸ್ಕ್ರೀನ್ ನೋಡುವ ಮನುಷ್ಯನಿಗೆ ಅದು ತನ್ನನ್ನೂ ನೋಡುತ್ತಿದೆ ಅನ್ನುವುದು ಗೊತ್ತಾಗುವುದಾದರೂ ಹೇಗೆ?

"ಹಿಂದೆ ಶೆಟ್ಟರ ಅಂಗಡಿಯಲ್ಲಿ ಎಲ್ಲರ ಮನೆ ವಿಷಯ ಗೊತ್ತಿರುತ್ತಿರಲಿಲ್ವಾ?" ಅಂತ ನನ್ನ ತಮ್ಮ ಕೇಳಿದ. ಗೊತ್ತಿರುತ್ತಿತ್ತು. ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯ ಇಡೀ ತಿಂಗಳು ಇರುತ್ತಿತ್ತು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಈ ತಿಂಗಳು ಸಂಬಳ ತಡವಾಯಿತು, ಎಲ್ಲ. ಆದರೆ ಅವರಿಗೆ ನಾವು ಗೊತ್ತಿದ್ದ ಹಾಗೆ ನಮಗೂ ಅವರು ಗೊತ್ತಿದ್ದರು. ಮುಖ ನೋಡಿ ಮಾತಾಡಬಹುದಿತ್ತು, ಬೇಜಾರಾದರೆ ಹೇಳಬಹುದಿತ್ತು. ಇನ್ನೊಂದು ವಿಷಯ. ನಾನು ಕಾಲೇಜಿಗೆ ಹೋಗುವಾಗ ಪ್ಯಾಡ್ ಕೇಳಿದರೆ ಅಂಗಡಿಯವರು ಏನೂ ಮಾತಾಡದೆ ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಡುತ್ತಿದ್ದರು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಅಂತ ಇವತ್ತಿನ ಹುಡುಗಿಯರು ಕೇಳುತ್ತಾರೆ, ಸರಿಯಾಗೇ ಕೇಳುತ್ತಾರೆ. ಆದರೆ ಮುಚ್ಚಬೇಕೋ ಬಿಚ್ಚಬೇಕೋ ಅನ್ನುವುದನ್ನು ಆ ಹುಡುಗಿಯೇ ಹೇಳಬೇಕು ಅಲ್ವಾ? ಅಪ್ಪನ ವಿಷಯ ಅಪ್ಪನೇ ಹೇಳಬೇಕು. ಆ ಅಂಗಡಿಯವರು ಎಲ್ಲ ಗೊತ್ತಿದ್ದೂ ಪೇಪರು ಸುತ್ತಿದರು. ಈ ಸ್ಕ್ರೀನ್ ಅಪ್ಪ ಸುತ್ತಿಟ್ಟಿದ್ದನ್ನು ಎಲ್ಲರ ಮುಂದೆ ಬಿಚ್ಚಿತು.

ಈಗ ಕಾನೂನಿನ ಮಾತು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು 80 ದಾಟಿದ ಮೇಲೆ ಆ ಹೋರಾಟಕ್ಕೆ ಇಳಿದವರು. ಅಪ್ಪನಿಗೆ ಅವರ ಬಗ್ಗೆ ತುಂಬಾ ಗೌರವ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. ಮಾಹಿತಿ ಯಾಕೆ ತೆಗೆದುಕೊಳ್ಳುತ್ತೇವೆ ಅಂತ ಮೊದಲೇ ತಿಳಿಸಬೇಕು, ಒಪ್ಪಿಗೆ ಕೇಳಬೇಕು, ಆ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಅನ್ನುತ್ತದೆ ಅದು. ಅಂದರೆ ಕನ್ನಡದಲ್ಲೂ. 18 ವರ್ಷದೊಳಗಿನ ಮಕ್ಕಳ ಜಾಡು ಹಿಡಿಯುವುದನ್ನೂ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಆ ಕಾಯ್ದೆ ನಿಷೇಧಿಸುತ್ತದೆ. ಟ್ರಾಲಿಯ ಮುಂದಿನ ಸೀಟಿನಲ್ಲಿ ಕೂತ ಮಗುವಿನ ಎದುರು ಚಾಕಲೇಟ್ ಜಾಹೀರಾತು ಬರುವಂತೆ ಮಾಡುವುದು ಯಾವ ಲೆಕ್ಕಕ್ಕೆ ಬರುತ್ತದೆ, ದಯವಿಟ್ಟು ನಿಮ್ಮ ಅಧಿಕಾರಿಗಳು ಯೋಚಿಸಬೇಕು.

ಆದರೆ ಈ ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯವಾದ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇದೆ. ಜಾರಿಗೆ ಬಂದ ಮೇಲೂ ಅಂಗಡಿಯವರು "ನಾವು ನೋಡುವುದು ಟ್ರಾಲಿಯನ್ನು, ಮನುಷ್ಯರನ್ನಲ್ಲ" ಅಂತ ಜಾರಿಕೊಳ್ಳಬಹುದು ಅನ್ನುವುದೇ ನನ್ನ ಆತಂಕ. ನನಗೆ ಬಂದ ಮೂರು ಸಾಲಿನ ಉತ್ತರದಲ್ಲಿ ಇದ್ದದ್ದೂ ಅದೇ ಮಾತು.

ಅದಕ್ಕೆ ಸಚಿವರಲ್ಲಿ ನನ್ನ ಮನವಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ, ಬಿಲ್ಲಿಂಗ್‌ಗೆ ಮೊಬೈಲ್ ನಂಬರ್ ಬೇಕೇ ಬೇಕು ಅಂತ ಒತ್ತಾಯ ಮಾಡಬಾರದು ಎಂದು ಅಂಗಡಿಯವರಿಗೆ ಸಲಹೆ ಕೊಟ್ಟಿತ್ತು. ಅದೇ ರೀತಿ ನಮ್ಮ ರಾಜ್ಯದ ಇಲಾಖೆಯೂ ಟ್ರಾಲಿ ಟ್ಯಾಗ್‌ಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಬೇಕು. ಟ್ಯಾಗ್ ಇರುವ ಅಂಗಡಿಯ ಬಾಗಿಲಲ್ಲಿ, ಟ್ರಾಲಿ ನಿಲ್ಲಿಸುವ ಜಾಗದಲ್ಲಿ, ಮತ್ತು ಬದಲಾಗುವ ಸ್ಕ್ರೀನ್ ಮೇಲೆಯೇ, ಅಪ್ಪ ಕನ್ನಡಕ ಹಾಕಿಕೊಂಡು ಓದುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಇದನ್ನು ಬರೆದಿರಬೇಕು: ಈ ಟ್ರಾಲಿ ಎಲ್ಲಿ ನಿಲ್ಲುತ್ತದೆ ಅಂತ ನಾವು ನೋಡುತ್ತೇವೆ, ಅದನ್ನು ನೋಡಿ ಜಾಹೀರಾತು ಬದಲಾಯಿಸುತ್ತೇವೆ. ಇಂಗ್ಲಿಷಿನ ಹತ್ತು ಪುಟದ ಷರತ್ತಿಗೆ ಕೊಂಡಿ ಕೊಟ್ಟರೆ ಆಗುವುದಿಲ್ಲ. ಬೇಡ ಅನ್ನುವವರಿಗೆ ಟ್ಯಾಗ್ ಇಲ್ಲದ ಟ್ರಾಲಿಗಳು ಅದೇ ಜಾಗದಲ್ಲಿ, ಅಷ್ಟೇ ಚೆನ್ನಾಗಿರುವವು, ಸಿಗಬೇಕು. ಕೇಳಿ ಪಡೆಯುವ ಹಾಗಿರಬಾರದು. ಚಕ್ರ ಮುರಿದ ಎರಡನ್ನು ಮೂಲೆಯಲ್ಲಿ ಇಟ್ಟರೆ ಅದು ಆಯ್ಕೆಯಲ್ಲ.

ಔಷಧಿ, ಡೈಪರ್, ಪ್ಯಾಡ್, ಗರ್ಭ ಪರೀಕ್ಷೆಯ ಕಿಟ್, ಸಕ್ಕರೆ ಕಾಯಿಲೆಯವರ ತಿನಿಸು, ಇಂಥವುಗಳ ಮುಂದೆ ಟ್ರಾಲಿ ನಿಂತದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಪೂರ್ತಿ ನಿಲ್ಲಿಸಬೇಕು. ಇದರಲ್ಲಿ ಒಪ್ಪಿಗೆ ಕೇಳುವ ಮಾತೂ ಬೇಡ. ಮೈಗೆ ಸಂಬಂಧಪಟ್ಟದ್ದನ್ನು ನಾಲ್ಕು ಜನ ನೋಡುವ ಸ್ಕ್ರೀನ್ ಮೇಲೆ ತರುವುದು ಯಾವ ವ್ಯಾಪಾರಕ್ಕೂ ಅಗತ್ಯವಿಲ್ಲ. ಬೆಲೆಯ ಬಗ್ಗೆಯೂ ಒಂದು ಮಾತು ಸೇರಿಸಿ. ಇವತ್ತು ಟ್ರಾಲಿ ನೋಡಿ ಜಾಹೀರಾತು ಬದಲಾಗುತ್ತಿದೆ. ಸ್ಕ್ರೀನ್ ಮೇಲೆ ರಿಯಾಯಿತಿಯೂ ಬರುವುದರಿಂದ ನಾಳೆ ಟ್ರಾಲಿ ನೋಡಿ ರಿಯಾಯಿತಿ ಬದಲಾಗಬಹುದು. ಎಂಆರ್‌ಪಿ ಮೀರಬಾರದು ಅಂತ ಕಾನೂನು ಇದೆ, ಆದರೆ ಅದರ ಕೆಳಗೆ ನನಗೊಂದು, ಪಕ್ಕದವರಿಗೊಂದು ಬೆಲೆ ಹೇಳಿದರೆ ಕೇಳುವವರಿಲ್ಲ. ಒಂದೇ ಹೊತ್ತಿನಲ್ಲಿ ಒಂದೇ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಬೆಲೆ ಇರಲಿ.

ಮಾಲೀಕರೇ, ನಿಮ್ಮಲ್ಲಿ ನಾನು ಕೇಳುವುದು ಬ್ರೌನ್ ಪದ್ಧತಿಯ ಆ ಒಂದು ನಡೆಯನ್ನು. ಜೋಡಿ ಬಿಡಿಸಿ. ಟ್ರಾಲಿ ವಾಪಸ್ ತನ್ನ ಸಾಲಿಗೆ ಸೇರಿದ ಕೂಡಲೇ ಆ ದಿನದ ಅದರ ಜಾಡು ಅಳಿಸಿಹೋಗಲಿ. ಬಿಲ್ಲಿಂಗ್ ಕೌಂಟರಿನ ಹತ್ತಿರ ಟ್ರಾಲಿ ಓದುವ ರೀಡರ್ ಇಡಬೇಡಿ. ಯಾವ ಸಾಲಿನಲ್ಲಿ ದಿನಕ್ಕೆ ಎಷ್ಟು ಟ್ರಾಲಿ ಓಡಾಡಿದವು ಅನ್ನುವ ಒಟ್ಟು ಲೆಕ್ಕ ಮಾತ್ರ ಇಟ್ಟುಕೊಳ್ಳಿ, ನಿಮ್ಮ ವ್ಯಾಪಾರಕ್ಕೆ ಅದು ಸಾಕಾಗುತ್ತದೆ. ಸ್ಕ್ರೀನ್ ಹಾಕಿಸಿಕೊಟ್ಟ ಕಂಪನಿಗೆ ಏನೇನು ಹೋಗುತ್ತದೆ ಅಂತ ನೀವೇ ಒಮ್ಮೆ ಕೇಳಿ ನೋಡಿ. ನಿಮ್ಮ ಮ್ಯಾನೇಜರಿಗೂ ಹೇಳಿಕೊಡಿ, ಗ್ರಾಹಕರು ಕೇಳಿದಾಗ ಆ ಹುಡುಗ ಸುಳ್ಳು ಹೇಳುವ ಪರಿಸ್ಥಿತಿ ಬರಬಾರದು.

ನಾನು ಈ ತಂತ್ರಜ್ಞಾನದ ವಿರೋಧಿ ಅಲ್ಲ. ಗ್ರಂಥಾಲಯದಲ್ಲಿ ಟ್ಯಾಗ್ ಬಂದಾಗ ಮೊದಲು ಸಂತೋಷಪಟ್ಟವಳು ನಾನೇ. ತಪ್ಪು ಜಾಗದಲ್ಲಿ ಸೇರಿಕೊಂಡ ಪುಸ್ತಕ ಹುಡುಕಲು ಎರಡು ದಿನ ಹಿಡಿಯುತ್ತಿದ್ದದ್ದು ಅರ್ಧ ಗಂಟೆಯಲ್ಲಿ ಆಗತೊಡಗಿತು. ನಿಮ್ಮ ಅಂಗಡಿಯಲ್ಲೂ ಇದರಿಂದ ಒಳ್ಳೆಯ ಕೆಲಸ ಮಾಡಿಸಬಹುದು. ಅಪ್ಪನಂಥವರ ಟ್ರಾಲಿ ಬಂದಾಗ ಸ್ಕ್ರೀನ್ ಮೇಲೆ ಬೆಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರುವಂತೆ ಮಾಡಬಹುದು. ಯಾವ ಕೌಂಟರಿನಲ್ಲಿ ಸಾಲು ಕಮ್ಮಿ ಇದೆ, ಕೂರಲು ಕುರ್ಚಿ ಎಲ್ಲಿದೆ, ಶೌಚಾಲಯ ಯಾವ ಕಡೆ ಅಂತ ತೋರಿಸಬಹುದು. ಕೊನೆಯದು ಅಪ್ಪನಿಗೆ ನಿಜವಾಗಿ ಬೇಕಾಗಿತ್ತು. ಆ ದಿನ ನಾವು ಅದನ್ನು ಮೂರು ಜನರನ್ನು ಕೇಳಿ ಹುಡುಕಬೇಕಾಯಿತು.

ಟ್ರಾಲಿಯ ಹಿಡಿಯ ಫೋಟೊ, ನಾನು ನೋಡಿದ ದಿನ ಮತ್ತು ಸಮಯ, ಬಂದ ಉತ್ತರದ ಪ್ರತಿ, ಇಷ್ಟನ್ನೂ ಅಂಗಡಿಯ ಹೆಸರಿನ ಸಮೇತ ಇಲಾಖೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅಧಿಕಾರಿಗಳು ಬಂದರೆ ಜೊತೆಗೆ ನಿಂತು ತೋರಿಸಲು ನಾನು ಸಿದ್ಧ. ಶನಿವಾರ ಸಂಜೆ ಅಪ್ಪ ಈಗಲೂ ಚೀಲ ತಂದು ನನ್ನ ಕೈಗೆ ಕೊಡುತ್ತಾರೆ. ಚೀಟಿ ತಾವೇ ಬರೆದಿರುತ್ತಾರೆ. ಬರ್ತೀರಾ ಅಂತ ಕೇಳಿದರೆ, "ನೀನು ಹೋಗಿ ಬಾ" ಅಂತಾರೆ. ಸುತ್ತೋಲೆ ಬಂದ ದಿನ ಅದನ್ನು ಅವರಿಗೆ ಓದಿ ಹೇಳಬೇಕು ಅಂತ ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕಿ,
ಮೈಸೂರು